ಚಹಾಕ್ಕೆಂದು ಇಳಿದ ಮೆಟ್ಟಿಲು

ತನ್ನ ಕಡೆಯ ಸಾಕ್ಷಿ ಎದುರು ಪಕ್ಷಕ್ಕೆ ವಾಲಿಬಿಟ್ಟಿದ್ದಾರೆ ಎಂದು ವಕೀಲೆಗೆ ಖಾತ್ರಿಯಾದದ್ದು ಕೋರ್ಟಿನ ಕಾರಿಡಾರಿನಲ್ಲಿ.

ಲಾಂಡ್ರಿಯ ಮಾಲೀಕರು ಬೆಂಚಿನ ಮುಂದೆ ಬಗ್ಗಿ, ಅಂಗಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ, ಎಲ್ಲರೂ 'ಇಸ್ತ್ರಿ ಅಕ್ಕ' ಎಂದೇ ಕರೆಯುವ ಹೆಂಗಸಿನ ಪ್ಲಾಸ್ಟರ್ ಹಾಕಿದ ಕಾಲಿನ ಕೆಳಗೆ ತಮ್ಮ ಕೋಟನ್ನೇ ಮಡಚಿ ಇಡುತ್ತಿದ್ದರು. "ಹಿಮ್ಮಡಿ ಮೇಲೆ ಭಾರ ಬಿಡಬೇಡ. ಆಮೇಲೆ ಚಳಿಗಾಲ ಬಂದ್ರೆ ಜೀವ ಹಿಂಡತ್ತೆ," ಎನ್ನುತ್ತಿದ್ದರು. ಪರಿಹಾರ ಕೇಳಿ ಅರ್ಜಿ ಹಾಕಿದವಳು ಅದೇ ಇಸ್ತ್ರಿ ಅಕ್ಕ. ಆ ಅರ್ಜಿಯನ್ನು ವಜಾ ಮಾಡಿಸಲು ಲಾಂಡ್ರಿಯ ವಿಮಾ ಕಂಪನಿ ನೇಮಿಸಿದ್ದು ಈ ವಕೀಲೆಯನ್ನು.

ಅವಳು ಮಾಲೀಕರನ್ನು ಕಂಬದ ಮರೆಗೆ ಕರೆದಳು.

"ಸಾರ್, ನೀವು ನಮ್ಮ ಸಾಕ್ಷಿ. ಅವರ ಜೊತೆ ಮಾತಾಡಬಾರದು."

"ಮಾತೆಲ್ಲಿ ಆಡಿದೆನಮ್ಮ? ಕಾಲು ನೋಡಿದೆ, ಅಷ್ಟೇ."

"ಅದು ಇನ್ನೂ ಕೆಟ್ಟದು!"

ಮಾಲೀಕರ ಮುಖ ಕೆಂಪಾಯಿತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದ ಮನುಷ್ಯ. ಅಕ್ಕನೂ ಒಂಟಿ. ಓಹೋ, ವಿಷಯ ಹೀಗೋ ಎಂದು ವಕೀಲೆ ತುಟಿ ಕಚ್ಚಿಕೊಂಡಳು.

ಕೇಸು ಸರಳವಾಗಿತ್ತು. ಅಕ್ಕ ಚಹಾ ಕುಡಿಯಲೆಂದು ಲಾಂಡ್ರಿಯ ಮಹಡಿಯಿಂದ ಇಳಿಯುತ್ತಿದ್ದಳು. ಮೆಟ್ಟಿಲು ಒದ್ದೆಯಿತ್ತು. ಜಾರಿ ಬಿದ್ದಳು, ಪಾದದ ಕೀಲು ಮುರಿಯಿತು. ಚಹಾ ಕುಡಿಯುವುದು ಕೆಲಸವಲ್ಲ, ಹಾಗಾಗಿ ಪರಿಹಾರವಿಲ್ಲ ಎಂಬುದು ಕಂಪನಿಯ ವಾದ. ಪರಿಹಾರ ಸಿಗದಿದ್ದರೆ ಇನ್ನೊಂದು ಆಪರೇಷನ್ನಿನ ಮಾತೇ ಇಲ್ಲ. ಅಕ್ಕ ಮತ್ತೆ ಮೇಜಿನ ಮುಂದೆ ನಿಂತು ಇಸ್ತ್ರಿ ಮಾಡುವ ಆಸೆ ಬಿಡಬೇಕಿತ್ತು.

ವಕೀಲೆಗೆ ಅಡ್ಡಗಾಲು ಹಾಕಿದ್ದು ಒಂದು ಹಳೆಯ ತೀರ್ಪು. ಬಿಡುವಿನಲ್ಲಿ ಚಹಾಕ್ಕೆಂದು ಮಿಲ್ಲಿನ ಮೆಟ್ಟಿಲಿಳಿಯುತ್ತ ಬಿದ್ದ ಕಾರ್ಮಿಕನೂ ಕೆಲಸದ ಮೇಲೇ ಇದ್ದಂತೆ ಎಂದು ಮೇಲ್ಮನವಿ ನ್ಯಾಯಾಲಯ ಎಂದೋ ಹೇಳಿಬಿಟ್ಟಿತ್ತು. ಮೇಲಿನವರು ಹೇಳಿದ ಮೇಲೆ ಕೆಳಗಿನ ನ್ಯಾಯಾಧೀಶರು ತಲೆಯಾಡಿಸಲೇಬೇಕು. ತಪ್ಪಿಸಿಕೊಳ್ಳಲು ಉಳಿದದ್ದು ಒಂದೇ ದಾರಿ, ಆ ಕೇಸೇ ಬೇರೆ, ಈ ಕೇಸೇ ಬೇರೆ ಎಂದು ತೋರಿಸುವುದು. ವಕೀಲೆ ಓದಿದ್ದು ತೀರ್ಪಿನ ಸಾರಾಂಶವನ್ನಷ್ಟೇ. ಆದರೂ ಅದರಲ್ಲಿ ನುಸುಳಲು ಒಂದು ಸಂದು ಕಂಡಿತ್ತು: ಆ ಕಾರ್ಮಿಕ ಹೋದದ್ದು 'ಮಾಲೀಕನ ಒಪ್ಪಿಗೆಯಿಂದ'.

ಕೂಗು ಬಿತ್ತು. ಮಾಲೀಕರು ಸಾಕ್ಷಿಕಟ್ಟೆಯ ಪುಟ್ಟ ಮೆಟ್ಟಿಲನ್ನೂ ಕಂಬಿ ಬಿಗಿಹಿಡಿದು, ಒಂದು ಕಾಲು ಎಳೆಯುತ್ತ ಹತ್ತಿದರು. ಮನಸ್ಸಿನಲ್ಲಿ ಕಳ್ಳತನವಿದ್ದರೆ ಕಾಲು ಹೀಗೇ ಭಾರವಾಗುತ್ತದೆ ಎಂದುಕೊಂಡಳು ವಕೀಲೆ.

"ಚಹಾ ಕುಡಿದು ಬಾ ಅಂತ ನೀವು ಇವರಿಗೆ ಹೇಳಿದ್ರಾ?"

"ಇಲ್ಲ."

"ಇವರು ನಿಮ್ಮ ಒಪ್ಪಿಗೆ ಕೇಳಿದ್ರಾ?"

"ಇಲ್ಲ."

ವಕೀಲೆ ಗೆದ್ದ ಮುಖ ಹೊತ್ತು ನ್ಯಾಯಾಧೀಶರತ್ತ ತಿರುಗಿದಳು. "ಗಮನಿಸಬೇಕು ಸ್ವಾಮಿ. ಆ ಹಳೇ ಕೇಸಲ್ಲಿ ಮಾಲೀಕರ ಒಪ್ಪಿಗೆ ಇತ್ತು. ಇಲ್ಲಿ ಇಲ್ಲ."

"ಅಲ್ಲೂ ಯಾರೂ ಒಪ್ಪಿಗೆ ಕೇಳಿರಲಿಲ್ಲ," ಎಂದರು ಮಾಲೀಕರು. "ಮಿಲ್ಲಿನ ಧಣಿ ಆವತ್ತು ಊರಲ್ಲೇ ಇರಲಿಲ್ಲ. ಗಂಟೆ ಹೊಡೀತು, ಎಲ್ಲರೂ ಇಳಿದ್ರು. ದಿನಾ ಇಳಿಯೋರನ್ನ ಅವರು ತಡೀತಿರಲಿಲ್ಲ. ಒಪ್ಪಿಗೆ ಅಂದ್ರೆ ಅಷ್ಟೇ."

ಅಕ್ಕನ ವಕೀಲರೇ ಬಾಯಿ ತೆರೆದು ಕೂತರು. ನ್ಯಾಯಾಧೀಶರು ಪೂರ್ತಿ ತೀರ್ಪನ್ನು ತರಿಸಿದರು. ಮಿಲ್ಲಿನ ಹೆಸರು, ಹೆಸರಿನ ಬದಲು 'ಕಾರ್ಮಿಕ' ಎಂಬ ಒಂದು ಪದ, ನಡುವೆ ಸಣ್ಣ ಅಕ್ಷರದಲ್ಲಿ ನಡೆದದ್ದೆಲ್ಲ. ಓದುತ್ತ ಹೋದಂತೆ ಅವರ ಮೀಸೆಯಡಿ ನಗು ಮೂಡಿತು.

"ಸಾಕ್ಷಿ ಹೇಳಿದ ಹಾಗೇ ಇದೆಯಲ್ಲಮ್ಮ. ಇನ್ನೇನಾದರೂ ಇದೆಯಾ?"

ವಕೀಲೆ ಫೈಲು ಮುಚ್ಚಿದಳು. ಅರ್ಜಿ ಮಂಜೂರಾಯಿತು. ಇಸ್ತ್ರಿ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ನಕ್ಕಳು.

ಹೊರಗೆ ಬಂದದ್ದೇ ವಕೀಲೆ ಮಾಲೀಕರನ್ನು ಅಡ್ಡಗಟ್ಟಿದಳು.

"ಇನ್ನು ನಿಮ್ಮ ವಿಮೆ ಕಂತು ಏರತ್ತೆ, ಗೊತ್ತಾ?"

"ಏರ್ಲಿ ಬಿಡಮ್ಮ."

"ನಿಜ ಹೇಳಿ ಸಾರ್. ಆ ತೀರ್ಪನ್ನ ನಿಮಗೆ ಓದಿಸಿದ್ದು ಯಾರು? ಅವರ ವಕೀಲರಾ? ಅಥವಾ ನಿಮ್ಮ ಅಕ್ಕನಾ?"

"ಅಯ್ಯೋ, ನಾನು ಅದನ್ನ ಓದೇ ಇಲ್ಲಮ್ಮ," ಎಂದರು ಮಾಲೀಕರು. "ಅದರಲ್ಲಿ ಬಿದ್ದವನು ನಾನು."