ನಾನೂರ ಹದಿನೇಳು

ಚೀಟಿಯಲ್ಲಿ ಹೆಸರಿರಲಿಲ್ಲ. ಬರೀ ಒಂದು ಸಂಖ್ಯೆ: ನಾನೂರ ಹದಿನೇಳು. ಕೆಳಗೆ ‘ಮಂಗಳವಾರ, ಹತ್ತು ಗಂಟೆ’ ಎಂದಿತ್ತು. ಅದರ ಕೆಳಗೆ ರೈಲು ನಿಲ್ದಾಣದ ಹಿಂದಿನ ಆ ಕೇಂದ್ರದ ವಿಳಾಸ. ಹೆಸರು ಕೇಳದೆ, ಗುರುತಿನ ಚೀಟಿ ನೋಡದೆ ಗುಪ್ತರೋಗಗಳ ಪರೀಕ್ಷೆ ಮಾಡುವ ಜಾಗ ಅದು ಎಂದು ಸ್ಫಾಕ್ಸ್ ಊರಿನ ಲಾರಿ ಡ್ರೈವರುಗಳಿಗೆಲ್ಲ ಗೊತ್ತು. ಲಾರಿ ಓಡಿಸುವ ಲಸಾದನಿಗೂ ಗೊತ್ತಿತ್ತು.

ಚೀಟಿ ಸಿಕ್ಕಿದ್ದು ಹೆಂಡತಿ ನಜೀಹಾಳ ಕೈಚೀಲದಲ್ಲಿ. ತಾನು ಲಿಬಿಯಾ ಗಡಿಯಿಂದ ಲಾರಿ ತಂದ ಮರುದಿನ ಅವಳ ಚೀಲ ತಡಕುವುದು ಅವನ ಹಳೆಯ ಪದ್ಧತಿ. ಎಂಟು ವರ್ಷದಲ್ಲಿ ಬಾಚಣಿಗೆ, ಬೀಗದ ಕೈ, ಬಸ್ ಟಿಕೆಟ್ ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಇವತ್ತು ಚೀಟಿ ಎಲ್ಲಕ್ಕಿಂತ ಮೇಲೆ, ಮಡಿಸದೆ ಕೂತಿತ್ತು.

ಅವನ ಪಿತ್ತ ನೆತ್ತಿಗೇರಿತು. ತಾನು ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಧೂಳು ಕುಡಿಯುವುದು, ಇವಳು ಇಲ್ಲಿ ಯಾರ ಜೊತೆಗೋ! ಎರಡು ಸಲ ಮಗು ಹೊಟ್ಟೆಯಲ್ಲೇ ಸತ್ತಾಗಲೇ ಅವನ ತಾಯಿ ಹೇಳಿದ್ದಳು, ಇವಳನ್ನು ಬಿಟ್ಟುಬಿಡು ಎಂದು. ಈಗ ಕಾರಣ ಕೈಗೇ ಸಿಕ್ಕಿತ್ತು. ಫಲಿತಾಂಶದ ಕಾಗದವನ್ನು ಅವಳ ಅಣ್ಣಂದಿರ ಮುಖಕ್ಕೆ ಎಸೆಯುವುದು, ಇದೇ ವಾರ ವಿಚ್ಛೇದನಕ್ಕೆ ಹಾಕುವುದು. ಮೆಟ್ಟಿಲಿಳಿಯುವ ಮೊದಲೇ ಅವನು ಎಲ್ಲವನ್ನೂ ತೀರ್ಮಾನಿಸಿಬಿಟ್ಟ.

“ಎಲ್ಲಿಗೆ?” ನೆನೆಸಿದ ಕಡಲೆ ತೊಳೆಯುತ್ತಿದ್ದ ನಜೀಹಾ ತಲೆ ಎತ್ತದೆ ಕೇಳಿದಳು.

“ಕೆಲಸ ಇದೆ.”

“ಹೋಗೋದಾದ್ರೆ ಬೇಗ ಹೋಗು. ನಿಂದು ಯಾವಾಗ್ಲೂ ತಡಾನೇ.”

ಈ ಕೊಂಕು ಬೇರೆ! ಮೂರು ವರ್ಷದಿಂದ ಅವಳ ನಾಲಿಗೆ ಉದ್ದವಾಗಿತ್ತು. ಎರಡನೇ ಸಲ ಮಗು ಸತ್ತಾಗ, “ನಿಂಗೆ ಆಗ ಒಂದು ಹುಣ್ಣಾಗಿತ್ತಲ್ಲ, ಒಂದ್ಸಲ ಪರೀಕ್ಷೆ ಮಾಡಿಸ್ಕೊ” ಎಂದಿದ್ದಳು. ಅವನು ಉಣ್ಣುತ್ತಿದ್ದ ಕುಸ್‌ಕುಸ್ ತಟ್ಟೆಯನ್ನು ಗೋಡೆಗೆ ಎಸೆದಿದ್ದ. ಲಾರಿ ಸೀಟಿನ ಶಾಖಕ್ಕೆ ಎದ್ದ ಹುಣ್ಣು, ತಾನಾಗಿಯೇ ವಾಸಿಯಾಗಿದ್ದು, ಅದಕ್ಕೊಂದು ಪರೀಕ್ಷೆ! ಆಮೇಲೂ ಅವಳು ಕೇಳುವುದನ್ನು ಬಿಡಲಿಲ್ಲ. ಈಚೆಗೆ ಎರಡು ತಿಂಗಳಿಂದ ಮಾತ್ರ ಸುಮ್ಮನಾಗಿದ್ದಳು.

ಕೇಂದ್ರದ ಮೇಜಿನ ಹಿಂದೆ ದಲೀಲಾ ಎಂಬ ಹೆಂಗಸು ಕೂತಿದ್ದಳು. ದಪ್ಪ ಕನ್ನಡಕ, ಯಾರಿಗೂ ಸೊಪ್ಪು ಹಾಕದ ದನಿ. ಲಸಾದ್ ಚೀಟಿಯನ್ನು ಮೇಜಿಗೆ ಬಡಿದ.

“ಇದರ ಫಲಿತಾಂಶ ಕೊಡಿ.”

ಅವಳು ಪುಸ್ತಕ ತೆರೆದಳು. “ಇದರ ಪರೀಕ್ಷೆ ಇನ್ನೂ ಆಗಿಲ್ಲ ಅಣ್ಣ. ಇವತ್ತೇ ಇರೋದು.”

“ಇದು ನನ್ನ ಹೆಂಡ್ತೀದು! ಅವಳಿಗೆ ಇಲ್ಲೇನು ಕೆಲಸ?”

“ಇಲ್ಲಿ ಗಂಡ, ಹೆಂಡತಿ ಅಂತ ಯಾರೂ ಇಲ್ಲ. ಬರೀ ಸಂಖ್ಯೆಗಳು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲ್ಲ, ಗವರ್ನರೇ ಬಂದ್ರೂ ಹೇಳಲ್ಲ. ಚೀಟಿ ಯಾರ ಕೈಯಲ್ಲಿದೆಯೋ ಪರೀಕ್ಷೆ ಅವರದ್ದು. ಈಗ ನಿಮ್ಮ ಕೈಯಲ್ಲಿದೆ. ಮಾಡಿಸ್ತೀರಾ? ಬೇಡ ಅಂದ್ರೆ ಬಾಗಿಲು ಅಲ್ಲೇ ಇದೆ.”

ಸಾಲಿನಲ್ಲಿ ಕೂತಿದ್ದ ಇಬ್ಬರು ಅವನತ್ತ ನೋಡಿದರು. ಲಸಾದನಿಗೆ ಇನ್ನೊಂದು ಉಪಾಯ ಹೊಳೆಯಿತು. ತನ್ನ ರಕ್ತ ಶುದ್ಧ ಎಂಬ ಕಾಗದ ಕೈಯಲ್ಲಿದ್ದರೆ ಅವಳ ಅಣ್ಣಂದಿರ ಬಾಯಿ ತಾನಾಗಿ ಮುಚ್ಚುತ್ತದೆ. ಇಲ್ಲಿಗೆ ಚೀಟಿ ಮಾಡಿಸಿದವಳು ಯಾಕೆ ಮಾಡಿಸಿದಳು ಎಂದು ಅವರೇ ಉತ್ತರ ಕೊಡಲಿ.

“ಮಾಡಿ! ಏನೇನಿದೆಯೋ ಎಲ್ಲಾ ಮಾಡಿ!”

“ಬೆರಳು ಚುಚ್ಚಿದ್ರೆ ಎಚ್‌ಐವಿ, ಸಿಫಿಲಿಸ್ ಎರಡೂ ಇಪ್ಪತ್ತು ನಿಮಿಷಕ್ಕೆ ಗೊತ್ತಾಗುತ್ತೆ. ಲಿವರಿನ ಕಾಮಾಲೆಗೆ ತೋಳಿನ ರಕ್ತ ಬೇಕು, ಅದಕ್ಕೆ ಎರಡು ದಿನ. ಉಳಿದವಕ್ಕೆ ಮೂತ್ರ. ಯಾವತ್ತಾದ್ರೂ ಹುಣ್ಣು ಗಿಣ್ಣು ಆಗಿತ್ತಾ?”

“ಆಗಿತ್ತು. ಹೋಯ್ತು.”

“ಹುಣ್ಣು ಹೋಗುತ್ತೆ ಅಣ್ಣ. ರೋಗ ಒಳಗೇ ಕೂತಿರುತ್ತೆ.”

ಅವನು ಬೆರಳು ಚಾಚಿದ. ತೋಳನ್ನೂ ಕೊಟ್ಟ. ಇಪ್ಪತ್ತು ನಿಮಿಷ ಎದೆ ಸೆಟೆಸಿಕೊಂಡು ಕೂತ, ಬಹುಮಾನಕ್ಕೆ ಕಾದವನ ಹಾಗೆ.

ದಲೀಲಾ ಒಳಗೆ ಕರೆದು ಬಾಗಿಲು ಮುಚ್ಚಿದಳು.

“ಎಚ್‌ಐವಿ ಇಲ್ಲ. ಸಿಫಿಲಿಸ್ ತೋರಿಸ್ತಿದೆ. ತೋಳಿನ ರಕ್ತದಲ್ಲಿ ಖಚಿತ ಮಾಡ್ಕೊಂಡು ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಕೊಡ್ತಾರೆ. ಹೆದರ್ಬೇಡಿ, ವಾಸಿಯಾಗೋ ಕಾಯಿಲೆ. ಆದ್ರೆ ನೀವು ಔಷಧಿ ಮಾಡದೆ ಹಾಗೇ ಬಿಟ್ರೆ ಹೆಂಡತಿಗೆ ಅಂಟುತ್ತೆ. ಹೊಟ್ಟೇಲಿರೋ ಮಗೂನೂ ಉಳಿಯಲ್ಲ.”

ಲಸಾದನ ಕಣ್ಣ ಮುಂದೆ ಎರಡು ಪುಟ್ಟ ಗೋರಿಗಳು ಬಂದವು. ಅವುಗಳ ಮೇಲೆ ಮಣ್ಣು ಹಾಕುವಾಗಲೂ ಅವನು ನಜೀಹಾಳನ್ನೇ ಬೈದಿದ್ದ. ಆದರೆ ಬಾಯಿ ಹಳೆಯ ಚಾಳಿ ಬಿಡಲಿಲ್ಲ.

“ಅವಳೇ ಅಂಟಿಸಿರೋದು! ಇಲ್ದಿದ್ರೆ ಅವಳಿಗ್ಯಾಕೆ ಈ ಚೀಟಿ?”

ದಲೀಲಾ ಪುಸ್ತಕದೊಳಗಿಂದ ಒಂದು ಲಕೋಟೆ ತೆಗೆದಳು. “ನಾನೂರ ಹದಿನೇಳು ಯಾರು ತರ್ತಾರೋ, ಫಲಿತಾಂಶ ಹೇಳಿದ ಮೇಲೆ ಅವರಿಗಿದು ಕೊಡಿ ಅಂತ ಹೋದ ವಾರ ಒಬ್ಬರು ಬಿಟ್ಟುಹೋಗಿದ್ರು. ನಾನು ತೆರೆದಿಲ್ಲ.”

ನಜೀಹಾಳ ಅಕ್ಷರ.

“ಲಸಾದ್, ನನ್ನ ಸಂಖ್ಯೆ ನಾನೂರ ಹದಿನಾರು. ಪರೀಕ್ಷೆ ಆಯ್ತು, ಇಂಜೆಕ್ಷನ್ನೂ ಶುರುವಾಯ್ತು. ನನಗೆ ಈಗ ಮೂರು ತಿಂಗಳು. ಈ ಮಗೂನ ನಾನು ಮಣ್ಣಿಗೆ ಕೊಡಲ್ಲ, ನಿನ್ನ ಕಾಯಿಲೆ ವಾಸಿಯಾಗೋವರೆಗೂ ನನ್ನ ಕೋಣೆಗೆ ಕಾಲಿಡಬೇಡ. ಮೂರು ವರ್ಷ ಬೇಡ್ಕೊಂಡೆ, ನೀನು ಇಲ್ಲಿಗೆ ಬರಲಿಲ್ಲ. ನನ್ನ ಮೇಲೆ ಅನುಮಾನ ಬಂದ್ರೆ ಓಡೋಡಿ ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ನಿನ್ನ ಚೀಟೀನ ನನ್ನ ಚೀಲದಲ್ಲಿಟ್ಟೆ.”