ಅರವತ್ತಮೂರನೇ ಹೆಬ್ಬೆಟ್ಟು

"ಸೈಟಿನ ಪಟ್ಟಿಗೆ ನಿಮ್ಮ ಹೆಸರು ಸೇರಿಸೋಕೆ ಆಗಲ್ಲಮ್ಮ. ಈ ಊರಲ್ಲಿ ಮನೆ ಇಲ್ಲದವರು ಯಾರೂ ಇಲ್ಲ ಅಂತ ಹೋದ ಗ್ರಾಮಸಭೆಯಲ್ಲೇ ತೀರ್ಮಾನ ಆಗಿದೆ," ಎಂದರು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅಕ್ಷತ.

ಪಾಪಮ್ಮ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗುಲಾಬಿ ಪಾಲಿಹೌಸಿನ ಒಂದು ದಿನದ ಕೂಲಿ ಬಿಟ್ಟು, ಮೊದಲ ಸಲ ಗ್ರಾಮಸಭೆಗೆ ಬಂದಿದ್ದಳು. ಅವಳೂ ಮಗಳೂ ಹದಿನಾಲ್ಕು ವರ್ಷ ಬಾಡಿಗೆಗಿದ್ದ ಶೀಟಿನ ಮನೆಯ ಜಾಗ ಲೇಔಟಿಗೆ ಮಾರಾಟವಾಗಿತ್ತು. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು.

"ಹಂಗಂದೋರು ಯಾರಮ್ಮ?"

"ನೂರಾ ಹನ್ನೆರಡು ಜನ ಹಾಜರಿದ್ದು ಒಮ್ಮತದಿಂದ ಒಪ್ಪಿದ್ದಾರೆ. ನೀವೂ ಇದ್ದೀರಿ." ಈ ಪಂಚಾಯ್ತಿಗೆ ಬಂದು ಮೂರೇ ತಿಂಗಳಾಗಿದ್ದ ಅಕ್ಷತ ಹಳೆಯ ಹಾಜರಿ ಪುಸ್ತಕವನ್ನು ಅವಳತ್ತ ತಿರುಗಿಸಿದರು. ಅರವತ್ತಮೂರನೇ ಸಾಲು. ಪಾಪಮ್ಮನಿಗೆ ಓದು ಬಾರದು. ಆದರೆ ಹೆಬ್ಬೆಟ್ಟು ಅವಳದೇ. ನೀಲಿ ಗೆರೆಗಳ ನಡುವೆ ಓರೆಯಾಗಿ ಒಂದು ಬಿಳಿ ಗೀಟು. ಹೂ ಕತ್ತರಿಸುವಾಗ ಸೀಳಿಹೋದ ಚರ್ಮ ಕೂಡಿಕೊಂಡ ಗುರುತು ಅದು.

ಅವಳು ಬಾಗಿಲತ್ತ ನೋಡಿದಳು. ಅಲ್ಲಿ ಪಂಚಾಯ್ತಿಯ ನೀರುಗಂಟಿ ಮುನಿಸ್ವಾಮಿ ಇವತ್ತಿನ ಪುಸ್ತಕ, ಇಂಕಿನ ಪ್ಯಾಡು ಹಿಡಿದು ನಿಂತಿದ್ದ. ಪ್ರತಿ ಸಭೆಗೆ ಮುಂಚೆ ಬೆಳಿಗ್ಗೆಯೇ ಅವನು ಅವಳಿದ್ದ ಕೂಲಿಕಾರರ ಕಾಲೋನಿಗೆ ಬರುತ್ತಿದ್ದ. "ಸಭೆಗೆ ಬಂದ್ರೆ ಕೂಲಿ ಹೋಯ್ತದೆ ಕಣಕ್ಕ, ಇಲ್ಲೇ ಒತ್ಬಿಡು" ಎನ್ನುತ್ತಿದ್ದ. ಪುಣ್ಯಾತ್ಮ ಎಂದು ಅವಳು ಕಾಫಿ ಕೊಟ್ಟು ಕಳಿಸುತ್ತಿದ್ದಳು. ಇವತ್ತು ಬೆಳಿಗ್ಗೆಯೂ ಅವನು ಮನೆಮನೆಗೆ ಬಂದು ಒತ್ತಿಸಿಕೊಂಡು ಹೋಗಿದ್ದ.

"ಏನ್ಲಾ ಇದು ಮುನಿಸ್ವಾಮಿ?"

"ಬರೀ ಹಾಜರಿಗೆ ಅಂದ್ರು ಅಕ್ಕ. ತೀರ್ಮಾನ ಆಮ್ಯಾಕೆ ಬರ್ಕೊಂಡವ್ರೆ. ನಂದೂ ಐತೆ ನೋಡು, ಹದಿನೇಳನೇದು." ಅವನಿಗೂ ಸ್ವಂತ ಮನೆಯಿರಲಿಲ್ಲ.

ಅಧ್ಯಕ್ಷ ಗೋಪಾಲಪ್ಪ ನಕ್ಕರು. "ಏನ್ ಪಾಪಮ್ಮ, ಗುಲಾಬಿಗಳ್ನೆಲ್ಲ ಅನಾಥ ಮಾಡ್ಬಿಟ್ಟು ಬಂದ್ಯಾ? ಒತ್ತೋದು ಒತ್ಬಿಟ್ಟು ಈಗ ನಾನಿರ್ಲಿಲ್ಲ ಅಂದ್ರೆ ಹೆಂಗೆ? ಮನೆ ಇಲ್ಲದೋರ ಸೈಟಿಗಿಟ್ಟಿದ್ದ ಎರಡೆಕರೆ ಲೇಔಟ್ ರಸ್ತೆಗೆ ಅಂತ ಆಗೋಗದೆ."

"ಹೋದ ಸಭೆಯ ತೀರ್ಮಾನ ರದ್ದು ಮಾಡೋಕೆ ಈ ಸಭೆಗೂ ಅಧಿಕಾರ ಇದೆ ಸರ್," ಎಂದು ಅಕ್ಷತ ಎದ್ದು ನಿಂತರು. "ರದ್ದಾಗಬೇಕು ಅನ್ನೋರು ಕೈ ಎತ್ತಿ."

ನೂರು ಕುರ್ಚಿ ಹಾಕಿಸಿದ್ದರು. ಮುಂದಿನ ಸಾಲಿನಲ್ಲಿ ಹನ್ನೆರಡು ಜನ ಕೂತಿದ್ದರು. ಎಲ್ಲರೂ ಸ್ವಂತ ಆರ್‌ಸಿಸಿ ಮನೆಯವರು. ಯಾರೂ ಕದಲಲಿಲ್ಲ. ಪಾಪಮ್ಮ ಕೈ ಎತ್ತಿದಳು. ಮುನಿಸ್ವಾಮಿಯ ಕೈಯೂ ಭುಜದವರೆಗೆ ಎದ್ದಿತು. ಗೋಪಾಲಪ್ಪ ತಿರುಗಿ ನೋಡಿದಾಗ ಅದು ಹಾಗೇ ಕಿವಿ ಕೆರೆದುಕೊಂಡು ಕೆಳಗಿಳಿಯಿತು.

"ಒಂದು," ಎಂದು ಅಕ್ಷತ ಮೆಲ್ಲಗೆ ಹೇಳಿ ಪೆನ್ನು ತೆಗೆದುಕೊಂಡರು.

ಪಾಪಮ್ಮ ಕೈ ಇಳಿಸಲಿಲ್ಲ. "ಇವತ್ತಿನ ಪುಸ್ತಕದಾಗೆ ಎಷ್ಟ್ ಜನ ಬಂದವ್ರೆ ಅಂತೈತಮ್ಮ?"

ಅಕ್ಷತ ಮುನಿಸ್ವಾಮಿಯ ಕೈಯಿಂದ ಪುಸ್ತಕ ಇಸಿದುಕೊಂಡು ಕೊನೆಯ ಸಂಖ್ಯೆ ನೋಡಿದರು. "ನೂರಾ ನಾಲ್ಕು."

"ಅದ್ರಾಗೆ ನಮ್ಮ ಕಾಲೋನಿಯೋರೇ ಜಾಸ್ತಿ ಅವ್ರೆ. ಎಲ್ರೂ ಬಂದು ಕೂತವ್ರೆ ಅಂತಲೇ ಅಲ್ವಾ ನೀವು ಬರ್ಕೊಳ್ಳೋದು?" ಪಾಪಮ್ಮ ಖಾಲಿ ಕುರ್ಚಿಗಳ ಕಡೆ ತಿರುಗಿದಳು. "ಹಂಗಾದ್ರೆ ಒಂದ್ಸಲ ಕೇಳ್ರಮ್ಮ ಅವ್ರನ್ನ, ಯಾಕೆ ಕೈ ಎತ್ತಲಿಲ್ಲ ಅಂತ."

ಬಾಗಿಲ ಬಳಿ ಮುನಿಸ್ವಾಮಿ ಇಂಕಿನ ಪ್ಯಾಡಿನ ಮುಚ್ಚಳವನ್ನು ಸದ್ದಾಗದಂತೆ ಒತ್ತಿ ಮುಚ್ಚಿದ.