ಫೋನು ಬಲ್ಲ ಮುಖ

ಮಗಳಿಂದ ಸಂದೇಶ ಬಂದಿತ್ತು. ಆದರೆ ಹೊಸ ಫೋನು ಅವಳ ಹೆಸರನ್ನಷ್ಟೇ ತೋರಿಸಿತು, ಸಂದೇಶವನ್ನು ತೋರಿಸಲೊಲ್ಲದು. ಗಡಿಯಾರ ರಿಪೇರಿಯವನು ಅದನ್ನು ಮೂಗಿನ ಹತ್ತಿರ ಹಿಡಿದ, ಕೈ ಚಾಚಿ ದೂರ ಹಿಡಿದ, ಕೊನೆಗೆ ಹಲ್ಲು ಕಿರಿದೂ ನೋಡಿದ. ‘ಮುಖದ ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದಿತು ಫೋನು.

"ಗುರುತು ಸಿಗಲಿಲ್ವಂತೆ! ದಿನಾ ಚಾರ್ಜಿಗಿಟ್ಟು ಸಾಕೋನು ನಾನು. ಈ ಶನಿಗೆ ನನ್ನ ಮುಖವೇ ಗೊತ್ತಿಲ್ವಂತೆ!"

ಕೆಟ್ಟ ಅಲಾರಾಂ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಿದ್ದ ನಿವೃತ್ತ ಕಂಡಕ್ಟರಿಗೆ ಮಜಾ ಬಂತು. "ಮನೆ ನಿಂದು, ಬೀಗ ನಿಂದು, ಒಳಗೆ ಬಿಡೋದು ಮಾತ್ರ ಅದರಿಷ್ಟ. ಯಾರದಯ್ಯಾ ಅಂಥ ಸಂದೇಶ?"

"ಮಗಳದು," ಎಂದ ರಿಪೇರಿಯವನು. ಅವಳ ದನಿ ಕೇಳಿ ತಿಂಗಳಾಗಿತ್ತು.

ಜಗಳ ಆದದ್ದೂ ಈ ಫೋನಿನಿಂದಲೇ. ಚರಂಡಿಗೆ ಬಿದ್ದರೂ ಒರೆಸಿಕೊಂಡು ಮಾತಾಡಬಹುದಾಗಿದ್ದ ಗುಂಡಿಯ ಫೋನನ್ನು ಬಿಡಿಸಿ, ಮಗಳು ತನ್ನ ಸಂಬಳದಲ್ಲಿ ಇದನ್ನು ತಂದುಕೊಟ್ಟಿದ್ದಳು. ಇದೇ ಮೇಜಿನ ಪಕ್ಕ ನಿಂತು ಎಲ್ಲವನ್ನೂ ಸರಿಮಾಡಿಕೊಡುತ್ತಿದ್ದಳು. ಇವನೋ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗೊಂದನ್ನು ಕೂರಿಸುತ್ತಿದ್ದ. "ಅಪ್ಪಾ, ಒಂದ್ಸಲ ಇತ್ತ ನೋಡು, ಮುಖ ತೋರಿಸಿದ್ರೆ ಸಾಕು, ಆಮೇಲೆ ಫೋನು ತಾನೇ ತೆರ್ಕೊಳ್ಳುತ್ತೆ" ಎಂದು ಅವಳು ಭುಜ ತಟ್ಟಿದ್ದೇ ತಡ, ಸ್ಪ್ರಿಂಗು ಚಿಮ್ಮಿ ಎತ್ತಲೋ ಹೋಯಿತು. ಇವನು ಭೂತಗನ್ನಡಿಯ ಸಮೇತ ಅವಳ ಕಡೆ, ಅವಳು ಎದುರಿಗೆ ಹಿಡಿದಿದ್ದ ಫೋನಿನ ಕಡೆ ತಿರುಗಿದವನೇ ಮೈಮೇಲೆ ಬಂದವನ ಹಾಗೆ ಕೂಗಿದ್ದ: "ನಿನ್ನ ಫೋನೂ ಬೇಡ, ನೀನೂ ಬೇಡ, ಎದ್ದು ಹೋಗು!" ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅದನ್ನು ತೆರೆಯುವ ಗುಟ್ಟಿನ ಅಂಕಿಯನ್ನೂ ಹೇಳದೆ ಹೊರಟುಹೋದಳು. ಆಮೇಲೆ ತಾನಾಗಿ ಕರೆ ಮಾಡಲು ಇವನ ಗರ್ವ ಬಿಡಲಿಲ್ಲ. ಬಂದ ಕರೆ ಎತ್ತುವುದು, ಇಡುವುದು, ಅಷ್ಟರಲ್ಲೇ ತಿಂಗಳು ದೂಡಿದ್ದ. ಬಂದ ಕರೆಗಳಲ್ಲಿ ಒಂದೂ ಅವಳದಾಗಿರಲಿಲ್ಲ.

"ಅವತ್ತು ಅದಕ್ಕೆ ಯಾವ ಮುಖ ತೋರಿಸಿದ್ದೆ?" ಎಂದ, ಇದನ್ನೆಲ್ಲ ಅವನ ಬಾಯಿಂದ ಕೇಳಿಸಿಕೊಂಡ ಕಂಡಕ್ಟರು.

"ಯಾವ ಮುಖ ಅಂದ್ರೆ? ನನಗಿರೋದೇ ಒಂದು."

"ಹಾಗಂದ್ಕೊಂಡಿದ್ದೀಯ. ಬೈತಾ ಇದ್ದೆ ಅಂದ್ಯಲ್ಲ, ಅದು ಹಿಡ್ಕೊಂಡಿರೋದು ಅದನ್ನೇ. ಈಗ ನೀನು ಹಲ್ಲು ಬಿಟ್ರೆ ಅದು ಯಾರೋ ಕಳ್ಳ ಅಂದ್ಕೊಳ್ಳುತ್ತೆ. ಭೂತಗನ್ನಡಿ ಹಾಕು, ಹುಬ್ಬು ಗಂಟಿಕ್ಕು."

ಬೆಳಕು ಚೆನ್ನಾಗಿರಲೆಂದು ಮೇಜನ್ನು ಅಂಗಡಿಯ ಮುಂಗಾಜಿಗೆ ತಾಗಿಸಿ ಹಾಕಿಕೊಂಡಿದ್ದ. ಆಚೆ ರಸ್ತೆ, ರಸ್ತೆಯಾಚೆ ಬಸ್ ಸ್ಟಾಪು. ಹೋಗಿಬರುವವರೆಲ್ಲ ನೋಡುತ್ತಾರಲ್ಲ ಎಂದು ನಾಚಿಕೆಯಾಯಿತು. ಆದರೂ ಭೂತಗನ್ನಡಿ ಸಿಕ್ಕಿಸಿಕೊಂಡು, ಫೋನನ್ನು ಎದುರಿಗೆ ಹಿಡಿದು ಮುಖ ಗಂಟಿಕ್ಕಿದ. ಗುರುತು ಸಿಗಲಿಲ್ಲ.

"ಅಷ್ಟಕ್ಕೆ ಯಾವ ಮಗಳೂ ಎದ್ದು ಹೋಗಲ್ಲ ಕಣಯ್ಯಾ. ಸರಿಯಾಗಿ ಮಾಡು."

ಆ ಮಾತಿಗೆ ಪಿತ್ತ ನೆತ್ತಿಗೇರಿತು. ಕಂಡಕ್ಟರ ಮೇಲೆ, ಫೋನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಬಂದ ಸಿಟ್ಟನ್ನೆಲ್ಲ ಕೂಡಿಸಿ, ಫೋನಿನತ್ತ ಕಣ್ಣು ಕೆಕ್ಕರಿಸಿ, "ನೀನೂ ಬೇಡ, ಎದ್ದು ಹೋಗು!" ಎಂದು ಅರಚಿದ. ಪೆಟ್ಟಿಗೆಯ ಮುಚ್ಚಳದ ಹಾಗೆ ಫೋನು ತಟ್ಟನೆ ತೆರೆದುಕೊಂಡಿತು.

"ನೋಡಿದ್ಯಾ!" ಎಂದು ಕಂಡಕ್ಟರು ತೊಡೆ ತಟ್ಟಿಕೊಂಡ.

‘ಅಪ್ಪಾ, ಎದುರಿನ ಬಸ್ ಸ್ಟಾಪಲ್ಲಿ ನಿಂತಿದ್ದೀನಿ. ಗಾಜಿನಲ್ಲಿ ನೀನು ಕಾಣ್ತಿದ್ದೀಯ. ಒಳಗೆ ಬರೋಕೆ ಭಯ. ಇದನ್ನ ಓದಿ ಒಂದ್ಸಲ ನನ್ನ ಕಡೆ ನೋಡಿ ನಗು, ಓಡಿ ಬಂದ್ಬಿಡ್ತೀನಿ.’

ಓದಿ ಮುಗಿಸುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಬಂದು ಕೂತಿತು. ‘ಬೇಡ ಬಿಡಪ್ಪಾ. ನನ್ನ ಹೆಸರು ನೋಡಿದ್ರೇನೇ ಇಷ್ಟು ಸಿಟ್ಟು ಬರುತ್ತೆ ಅಂತ ಗೊತ್ತಿರಲಿಲ್ಲ.’

ಅವನು ತಲೆಯೆತ್ತಿದ. ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಪರಿಚಿತವಾದ ಜಡೆಯೊಂದು ಬಂದು ಕೂತಿತು. ಮುಖ ಆಚೆ ತಿರುಗಿತ್ತು. ಮೇಜಿನ ಮೇಲಿನ ಮುಳ್ಳು, ಮೊಳೆಗಳನ್ನೆಲ್ಲ ಚೆಲ್ಲಾಡಿಕೊಂಡು ಎದ್ದ. "ಏನಂತೆ? ಏನಂತೆ ಅವಳು?" ಎನ್ನುತ್ತಿದ್ದ ಕಂಡಕ್ಟರನ್ನು ದಾಟಿ ರಸ್ತೆಗೆ ಓಡಿದ. "ನಿಲ್ಲಿಸೀ!" ಎಂದು ಕೂಗಿದ್ದು ಬಸ್ಸು ಹೊರಟ ಸದ್ದಿನಲ್ಲಿ ಮುಚ್ಚಿಹೋಯಿತು.

ಕರೆ ಮಾಡಬೇಕು, ಈಗಲೇ ಮಾಡಬೇಕು. ಫೋನು ಆಗಲೇ ಮತ್ತೆ ಮುಚ್ಚಿಕೊಂಡಿತ್ತು. ನಡುರಸ್ತೆಯಲ್ಲಿ ನಿಂತು ಅದನ್ನು ಮುಖದೆದುರು ಹಿಡಿದ. ‘ಮುಖದ ಗುರುತು ಸಿಗಲಿಲ್ಲ’ ಎಂದಿತು. ಹುಬ್ಬು ಗಂಟಿಕ್ಕಲು ನೋಡಿದ. ಇಷ್ಟು ವರ್ಷ ಕೇಳದೆಯೂ ಬರುತ್ತಿದ್ದ ಸಿಟ್ಟು ಈಗ ಎಷ್ಟು ಕರೆದರೂ ಬರಲಿಲ್ಲ. ಒದ್ದೆ ಕಣ್ಣಲ್ಲಿ ಭೂತಗನ್ನಡಿಯೂ ನಿಲ್ಲಲಿಲ್ಲ.